ಅಕ್ಷರದ ತಪ್ಪೋ, ಆಡುನುಡಿಯ ತಪ್ಪೋ: ಸಮನ್ವಯ ಶಿಕ್ಷಣ ಓದಹೊರಟ ಶಿಕ್ಷಕರಿಗೆ

ಮೈಸೂರು, ಮಂಡ್ಯ ಕಡೆಯ ಶಿಕ್ಷಕರಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಬಿ.ಎಡ್. ಆಗಿದೆ, ಕೆಲಸವೂ ಸಿಕ್ಕಿದೆ, ಆದರೆ ತರಗತಿಯ ಮೂರ್ನಾಲ್ಕು ಮಕ್ಕಳಿಗೆ ಏನು ಮಾಡಿದರೂ ಓದು ಹತ್ತುತ್ತಿಲ್ಲ. ಇಂಥ ಮಕ್ಕಳ ಸಲುವಾಗಿ ಮುಂದೆ ಓದಬೇಕೆಂದರೆ ಯಾವ ಕೋರ್ಸಿಗೆ ಸೇರಬೇಕು? ಹೆಚ್ಚಿನವರು ಎಡವುವುದು ಇಲ್ಲಿ, ಮೊದಲ ಮೆಟ್ಟಿಲಲ್ಲೇ. ಸಾಮಾನ್ಯ ಬಿ.ಎಡ್. ಮಾಡಿದವರು ನೇರವಾಗಿ ವಿಶೇಷ ಶಿಕ್ಷಣದ ಎಂ.ಎಡ್.ಗೆ ಸೇರುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಎಂದರೆ ಆರ್‌ಸಿಐ, ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಬಿ.ಎಡ್. ಇರಬೇಕು, ಇಲ್ಲವೆ ಸಾಮಾನ್ಯ ಬಿ.ಎಡ್. ಜೊತೆಗೆ ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಇರಬೇಕು. ಅಂಕ ಶೇ. 50ಕ್ಕೆ ಕಡಿಮೆಯಾಗಬಾರದು, ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು. ಇದು ಗೊತ್ತಿಲ್ಲದೆ ಅರ್ಜಿ ಹಾಕಿ, ದಾಖಲೆ ಪರಿಶೀಲನೆಯ ದಿನ ಹಿಂದಿರುಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಇನ್ನೊಂದು ದಾರಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಅಡಿಯಲ್ಲಿ ಬರುವ ಸಾಮಾನ್ಯ ಎಂ.ಎಡ್. ಇದರಲ್ಲಿ ಸಮನ್ವಯ ಶಿಕ್ಷಣವನ್ನು, ಎಂದರೆ ನ್ಯೂನತೆಯುಳ್ಳ ಮಕ್ಕಳನ್ನು ಉಳಿದವರ ಜೊತೆಗೇ ಕಲಿಸುವ ವಿಷಯವನ್ನು, ಐಚ್ಛಿಕವಾಗಿಯೋ ಪ್ರಬಂಧದ ವಿಷಯವಾಗಿಯೋ ತೆಗೆದುಕೊಳ್ಳಬಹುದು. 2014ರ ನಿಯಮಾವಳಿಯಂತೆ ಇದು ಎರಡು ವರ್ಷದ ಕೋರ್ಸು. ಪಾಠಗಳಿಗೆ ಶೇ. 80, ಕ್ಷೇತ್ರಕಾರ್ಯಕ್ಕೆ ಶೇ. 90 ಹಾಜರಾತಿ ಬೇಕು. ಶಿಕ್ಷಕರ ಶಿಕ್ಷಣ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಈ ಪದವಿ ಹಿಡಿದು ವಿಶೇಷ ಶಿಕ್ಷಕರೆಂದು ನೋಂದಣಿ ಮಾಡಿಸಲಾಗದು. ಆ ಹುದ್ದೆಗೆ ಬೇಕಾದದ್ದು ಪುನರ್ವಸತಿ ಪರಿಷತ್ತಿನ ಕೇಂದ್ರ ರಿಜಿಸ್ಟರಿನ ಸಂಖ್ಯೆ. 1992ರ ಕಾಯ್ದೆಯಂತೆ ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ಇವತ್ತಿಗೆ ನಗು ತರಿಸುತ್ತದೆ ನಿಜ. ಆದರೆ ನೇಮಕಾತಿಯ ಕಡತದಲ್ಲಿ ಆ ಸಂಖ್ಯೆಯಿಲ್ಲದಿದ್ದರೆ ಅರ್ಜಿ ಮುಂದಿನ ಮೇಜಿಗೂ ಹೋಗುವುದಿಲ್ಲ. ನೋಂದಣಿಯನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು. ನಡುವೆ ಪರಿಷತ್ತು ಒಪ್ಪಿದ ತರಬೇತಿಗಳಲ್ಲಿ ಕೂತು ಅಂಕ ಗಳಿಸಿರಬೇಕು. ಕೊನೆಯ ಆರು ತಿಂಗಳಲ್ಲಿ ಅಂಕಕ್ಕಾಗಿ ಅಲೆಯುವ ಬದಲು ವರ್ಷಕ್ಕೊಂದೆರಡು ತರಬೇತಿ ಮುಗಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ವಿಚಾರಣೆ ಈಗ ಹೆಚ್ಚಾಗಿರುವುದಕ್ಕೆ ಕಾರಣವಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರು ಬೇಕೆಂದು ಹೇಳಿತು. 2022ರಲ್ಲಿ ಕೇಂದ್ರದ ಅಧಿಸೂಚನೆ ಬಂತು: ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು. ಹುದ್ದೆಗಳನ್ನು ಸೃಷ್ಟಿಸಿ ತುಂಬಿ ಎಂದು 2025ರ ಮಾರ್ಚಿನಲ್ಲಿ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಈ ಹೊತ್ತಿಗೂ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬೆರಳೆಣಿಕೆಯ ಬಿಐಇಆರ್‌ಟಿಗಳು, ಎಂದರೆ ವಿಶೇಷ ಅಗತ್ಯದ ಮಕ್ಕಳಿಗೆಂದು ಇರುವ ಸಂಪನ್ಮೂಲ ಶಿಕ್ಷಕರು, ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಾರೆ. ಅವರ ಭೇಟಿ ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ಮಗು ಕಲಿತದ್ದನ್ನು ಮರೆತಿರುತ್ತದೆ.

ಓದುವ ಜಾಗದ ಮಟ್ಟಿಗೆ ಈ ಭಾಗದವರು ಪುಣ್ಯವಂತರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಶ್ರವಣ ದೋಷದ ವಿಭಾಗದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್., ಎಂ.ಎಡ್. ಎರಡೂ ಅಲ್ಲಿವೆ. 1963ರ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಕೂಡ ಪಕ್ಕದಲ್ಲೇ ಇದೆ. ಎನ್‌ಸಿಇಆರ್‌ಟಿಗೆ ಸೇರಿದ ಅಲ್ಲಿ ಸಾಮಾನ್ಯ ಎಂ.ಎಡ್. ಇದೆ, ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆಯೂ ಇದೆ. ಮಂಡ್ಯ, ಪಾಂಡವಪುರದಿಂದ ರೈಲಿನಲ್ಲಿ ದಿನಾ ಬಂದುಹೋಗಬಹುದು, ಕೆ.ಆರ್. ಪೇಟೆ, ನಾಗಮಂಗಲದವರಿಗೆ ಶೇ. 80 ಹಾಜರಾತಿ ಮನೆಯಿಂದ ಓಡಾಡಿ ಆಗುವ ಮಾತಲ್ಲ. ಕೆಲಸದಲ್ಲಿರುವ ಸರ್ಕಾರಿ ಶಿಕ್ಷಕರು ಅರ್ಜಿ ಹಾಕುವ ಮೊದಲೇ ಇಲಾಖೆಯ ಅನುಮತಿ ಪಡೆದಿರಬೇಕು. ಅನುಮತಿಯಿಲ್ಲದೆ ಗಳಿಸಿದ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸುವುದು ಪದವಿ ಪಡೆಯುವುದಕ್ಕಿಂತ ದೊಡ್ಡ ಸಾಹಸವಾಗುತ್ತದೆ.

ಒಂದನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು. ವಿಶೇಷ ಶಿಕ್ಷಣದ ಪದವಿಗೆ ಒಂದು ವಿಭಾಗ ಅಂಟಿಕೊಂಡಿರುತ್ತದೆ: ಶ್ರವಣ, ದೃಷ್ಟಿ, ಬೌದ್ಧಿಕ, ಕಲಿಕಾ ನ್ಯೂನತೆ ಹೀಗೆ. ನೋಂದಣಿಯಲ್ಲೂ ಅದೇ ನಮೂದಾಗುತ್ತದೆ. ಬಿ.ಎಡ್. ಹಂತದಲ್ಲಿ ಬೇರೆ ವಿಭಾಗಗಳ ಪರಿಚಯವೂ ಸಾಮಾನ್ಯ ಶಾಲೆಯ ಅಭ್ಯಾಸವೂ ಸಿಗುತ್ತದೆ, ಆದರೆ ಆಳ ಸಿಗುವುದು ಒಂದರಲ್ಲಿ ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಶಾಲೆಗೆ ಹೋದ ಮೇಲೆ ಎದುರಿಗೆ ಬರುವ ಮಗು ನಿಮ್ಮ ವಿಭಾಗದ್ದೇ ಆಗಿರಬೇಕೆಂದಿಲ್ಲ.

ಹಾಗಾದರೆ ಆ ಎರಡು ವರ್ಷ ಯಾವುದಕ್ಕೆ ಖರ್ಚಾಗಬೇಕು? ನಮ್ಮ ಅಭಿಪ್ರಾಯ ನೇರವಾಗಿದೆ: ಮಗುವಿನ ತೊಡಕನ್ನು ಕನ್ನಡದಲ್ಲೇ ಅಳೆಯಲು ಕಲಿಯುವುದಕ್ಕೆ. ಇತಿಹಾಸ, ನೀತಿ, ಆಯೋಗಗಳ ವರದಿ ಇವೆಲ್ಲ ಪರೀಕ್ಷೆಗೆ ಬೇಕು, ಓದಿಕೊಳ್ಳಬಹುದು. ಆದರೆ ಓದಿನ ತೊಂದರೆಯ ಮೇಲಿನ ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಕ್ಕಳನ್ನು ನೋಡಿ ಬರೆದಂಥವು. ಅಲ್ಲಿ ಬಿ ಮತ್ತು ಡಿ ತಿರುಗಿಸಿ ಬರೆಯುವುದು ದೊಡ್ಡ ಸಂಗತಿ. ಒಂದೇ ಕಾಗುಣಿತಕ್ಕೆ ನಾಲ್ಕು ಉಚ್ಚಾರಣೆ ಇರುವುದು ಇನ್ನೊಂದು ದೊಡ್ಡ ಸಂಗತಿ. ಮಳವಳ್ಳಿಯ ಮೂರನೇ ತರಗತಿಯ ಮಗುವಿಗೆ ಇವೆರಡೂ ಸಮಸ್ಯೆಯೇ ಅಲ್ಲ. ಅದರ ತೊಡಕು ಬೇರೆ ಕಡೆ ಇದೆ.

ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಆದ್ದರಿಂದ ಓದು ಸುಲಭ ಎಂಬ ಮಾತಿದೆ. ಅರ್ಧ ನಿಜ. ವರ್ಣಮಾಲೆಯ 49 ಅಕ್ಷರ ಕಲಿತರೆ ಕೆಲಸ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರ, ಸೊನ್ನೆ, ವಿಸರ್ಗ ಸೇರಿಸಿದರೆ ಕಾಗುಣಿತದ ರೂಪಗಳೇ 510. ಅದರ ಮೇಲೆ ಒತ್ತಕ್ಷರಗಳು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಎಂದು ರಾಗವಾಗಿ ಹೇಳುವ ಮಗು, ಪದದ ನಡುವೆ ಅದೇ ಗುರುತನ್ನು ಕಂಡಾಗ ಗುರುತಿಸುತ್ತದೆ ಎಂಬ ಖಾತ್ರಿಯಿಲ್ಲ. ಕಾಗುಣಿತ ಹೇಳಿಸಿ ಬರುತ್ತದೆ ಎಂದು ಟಿಕ್ ಹಾಕುವುದು ನಮ್ಮ ಶಾಲೆಗಳಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ಅಳತೆ. ಸಾಲು ತಪ್ಪಿಸಿ ಕೇಳಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ಪಠ್ಯದ ಪಾಠವೂ ಹಾಗೇ. ಕೇಳಿ ಕೇಳಿ ಬಾಯಿಪಾಠವಾದ ಪುಟದ ಮೇಲೆ ಬೆರಳು ಸರಿಸುತ್ತಾ ಸರಾಗವಾಗಿ ಓದುವ ಮಗುವನ್ನು ನಡುಸಾಲಿನ ಒಂದು ಪದ ಮುಟ್ಟಿ ಇದೇನು ಎಂದು ಕೇಳಿದರೆ, ಅದು ಸಾಲಿನ ಮೊದಲಿನಿಂದ ಮತ್ತೆ ಶುರು ಮಾಡುತ್ತದೆ.

ಆದ್ದರಿಂದ ಸ್ವಂತ ಪದಪಟ್ಟಿ ಕಟ್ಟಿಕೊಳ್ಳುವುದು ಮೊದಲ ಸೆಮಿಸ್ಟರಿನಲ್ಲೇ ಆಗಬೇಕಾದ ಕೆಲಸ. ಐವತ್ತು ಪದ ಸಾಕು. ಮೊದಲ ಹತ್ತು ಗುಣಿತವಿಲ್ಲದವು: ಮರ, ಗಜ, ಬಳಪ. ಮುಂದಿನ ಹತ್ತು ಗುಣಿತದವು, ಹ್ರಸ್ವ ದೀರ್ಘಗಳ ಜೋಡಿ ಇರುವಂತೆ: ಕಲು, ಕಾಲು ಎಂದು ಅರ್ಥವಿಲ್ಲದ್ದನ್ನು ಜೋಡಿಸದೆ ಬಡಿ, ಬಾಡಿ; ಸುಡು, ಸೂಡು; ಕೊಡು, ಕೋಡು ಇಂಥವು. ಮೂರನೆಯ ಹತ್ತು ಸಜಾತೀಯ ಒತ್ತು: ಅಕ್ಕ, ಬೆಲ್ಲ, ಹಬ್ಬ. ನಾಲ್ಕನೆಯ ಹತ್ತು ವಿಜಾತೀಯ ಒತ್ತು ಮತ್ತು ಅರ್ಕಾವೊತ್ತು: ಪುಸ್ತಕ, ಶಕ್ತಿ, ಸೂರ್ಯ, ಕಾರ್ಯ. ಕೊನೆಯ ಹತ್ತು ಅರ್ಥವೇ ಇಲ್ಲದ ಪದಗಳು: ಬೂಲಿಮ, ಗನೊಟಿ, ಮೇಡುಸ. ಈ ಕೊನೆಯ ಹತ್ತನ್ನು ಬಿಡಲೇಬಾರದು. ಪದದ ಆಕಾರ ನೋಡಿ ಊಹಿಸುವ ಮಗು ಮೊದಲ ಮೂವತ್ತರಲ್ಲಿ ಪಾರಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಮಗು ಓದಿದ್ದನ್ನು ಓದಿದಂತೆಯೇ ಬರೆದುಕೊಳ್ಳಬೇಕು. ಸರಿ, ತಪ್ಪು ಎಂದು ಗುರುತು ಹಾಕಿದರೆ ಆ ಹಾಳೆಯಿಂದ ಮುಂದೆ ಏನೂ ಸಿಗುವುದಿಲ್ಲ. ತಪ್ಪುಗಳನ್ನು ಆಮೇಲೆ ಕಂಬಸಾಲುಗಳಿಗೆ ಹಂಚಬೇಕು: ಅಕ್ಷರವೇ ಬದಲಾದದ್ದು, ದೀರ್ಘ ಬಿಟ್ಟದ್ದು, ಗುಣಿತ ಬದಲಾದದ್ದು, ಒತ್ತು ಬಿಟ್ಟದ್ದು, ಒತ್ತಿನ ಕ್ರಮ ತಿರುಗಿದ್ದು, ಊಹಿಸಿ ಹೇಳಿದ್ದು. ಅಕ್ಷರ ಬದಲಾದ ಸಾಲಿನಲ್ಲಿ ಪ ಮತ್ತು ಷ, ವ ಮತ್ತು ಮ, ರ ಮತ್ತು ಠ, ಥ ಮತ್ತು ಧ ಇಂಥ ಜೋಡಿಗಳು ಮತ್ತೆ ಮತ್ತೆ ಬಂದರೆ ಕಣ್ಣಿನ ಗೊಂದಲ. ಆಕಾರದಲ್ಲಿ ಹತ್ತಿರವಿಲ್ಲದ ಅಕ್ಷರಗಳು ಅದಲುಬದಲಾದರೆ ಅಕ್ಷರ ಮತ್ತು ಧ್ವನಿಯ ನಂಟೇ ಇನ್ನೂ ಕೂಡಿಲ್ಲ ಎಂದು ಓದಬೇಕು.

ಅರ್ಕಾವೊತ್ತು ಒಂದು ಪ್ಯಾರಾಕ್ಕೆ ಅರ್ಹ. ಸೂರ್ಯ ಎನ್ನುವಾಗ ಬಾಯಲ್ಲಿ ರ್ ಮೊದಲು, ಯ ಆಮೇಲೆ. ಕಾಗದದ ಮೇಲೆ ಯ ಮೊದಲು, ರ್ ಗುರುತು ಅದರ ಬಲಕ್ಕೆ. ಎಡದಿಂದ ಬಲಕ್ಕೆ ನಿಯತ್ತಾಗಿ ಓದುವ ಮಗು ಸೂಯ್ರ ಎನ್ನುತ್ತದೆ. ಇದು ಮಗುವಿನ ದೋಷವಲ್ಲ, ಲಿಪಿ ಅದನ್ನು ಅಲ್ಲಿಗೆ ಕರೆದೊಯ್ಯುತ್ತಿದೆ. ಕೆಲವು ವಾರ ರ ಕಾರದ ಕೆಳಗೆ ಯ ಒತ್ತು ಕೊಟ್ಟು ಬರೆದು ತೋರಿಸಿದರೆ ಧ್ವನಿಯ ಕ್ರಮವೂ ಬರಹದ ಕ್ರಮವೂ ಒಂದಾಗುತ್ತವೆ. ಆಮೇಲೆ ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು ಅರ್ಕಾವೊತ್ತಿಗೆ ದಾಟಿಸಬಹುದು. ಇಂಗ್ಲಿಷ್ ಮೂಲದ ಪರಿಹಾರ ಬೋಧನೆಯ ಪುಸ್ತಕಗಳಲ್ಲಿ ಇದಕ್ಕೆ ಜಾಗವಿರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ಇನ್ನು ಆಡುನುಡಿ. ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಹಾಲು ಆಲು, ಹತ್ತು ಅತ್ತು, ಶಾಲೆ ಸಾಲೆ. ಮಹಾಪ್ರಾಣವಂತೂ ಓದು ಬಲ್ಲ ಮನೆಗಳಲ್ಲೂ ನಾಲಗೆಗೆ ಬರುವುದು ಅಪರೂಪ. ಉಕ್ತಲೇಖನದಲ್ಲಿ ಮಗು ಹಸುವಿಗೆ ಅಸು ಎಂದು ಬರೆದರೆ ಅದು ತನ್ನ ಕಿವಿಗೆ ಬಿದ್ದದ್ದನ್ನು ಸರಿಯಾಗಿಯೇ ಬರೆದಿದೆ. ಧನಕ್ಕೆ ದನ ಬರೆದರೂ ಅಷ್ಟೇ. ತಿದ್ದಿಸಿಕೊಂಡು ತಿದ್ದಿಸಿಕೊಂಡು ಹೆದರಿದ ಮಗು ಬೇಡದ ಕಡೆಯೂ ಹಕಾರ ಸೇರಿಸಿ ಅಕ್ಕಿಯನ್ನು ಹಕ್ಕಿ ಮಾಡುವುದೂ ಉಂಟು. ಇವೆಲ್ಲವನ್ನೂ ತಪ್ಪಿನ ಲೆಕ್ಕಕ್ಕೆ ಹಾಕಿದರೆ ಅರ್ಧ ತರಗತಿಗೆ ಕಲಿಕಾ ನ್ಯೂನತೆ ಇದೆ ಎಂದಾಗುತ್ತದೆ. ಆದ್ದರಿಂದ ಹಕಾರ, ಶಕಾರ, ಮಹಾಪ್ರಾಣದ ತಪ್ಪುಗಳಿಗೆ ಪ್ರತ್ಯೇಕ ಕಂಬಸಾಲು ಬೇಕು, ಒಟ್ಟು ಲೆಕ್ಕದಿಂದ ಅದನ್ನು ಕಳೆಯಬೇಕು. ದೀರ್ಘದ ತಪ್ಪು ಬೇರೆ ಜಾತಿಯದು. ಬಡಿ ಮತ್ತು ಬಾಡಿ ಒಂದೇ ಎನ್ನುವ ಮಂಡ್ಯದ ಮಗು ಇಲ್ಲ. ಮಾತಿನಲ್ಲಿ ಸ್ಪಷ್ಟವಾಗಿ ಬೇರೆ ಮಾಡುವುದನ್ನು ಬರಹದಲ್ಲಿ ನಾಲ್ಕನೇ ತರಗತಿಗೆ ಬಂದರೂ ಬೇರೆ ಮಾಡಲಾಗುತ್ತಿಲ್ಲ ಎಂದರೆ ಆಗ ಎಚ್ಚರ ವಹಿಸಬೇಕು.

ಅಕ್ಷರ ಕಲಿಸಿದ ಕ್ರಮವೂ ಅಳತೆಗೆ ಮುಖ್ಯ. ಚಟುವಟಿಕೆಗಳ ಮೂಲಕ ಗುಂಪುಗಳಲ್ಲಿ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ಇಲ್ಲೇ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಒಂದರಿಂದ ಮೂರನೇ ತರಗತಿಯ ಸರ್ಕಾರಿ ಶಾಲೆಯ ಮಕ್ಕಳು ಅಕ್ಷರ ಕಲಿಯುವುದು ಅ ಆ ಇ ಈ ಕ್ರಮದಲ್ಲಲ್ಲ. ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಒಂದನೇ ತರಗತಿಯ ನಡುವೆ ಹೋಗಿ ವರ್ಣಮಾಲೆಯ ಕ್ರಮದಲ್ಲಿ ಪರೀಕ್ಷಿಸಿದರೆ ಚೆನ್ನಾಗಿ ಕಲಿಯುತ್ತಿರುವ ಮಗುವೂ ಸೋಲುತ್ತದೆ. ಮಗು ಯಾವ ಮೈಲುಗಲ್ಲಿನಲ್ಲಿದೆ ಎಂದು ಪ್ರಗತಿ ನೋಟದಲ್ಲಿ ನೋಡಿ, ಕಲಿಸಿರುವ ಅಕ್ಷರಗಳಲ್ಲೇ ಪದ ಕಟ್ಟಬೇಕು. ವ ಮತ್ತು ಮ ಒಂದೇ ಗುಂಪಿನಲ್ಲಿ ಒಟ್ಟಿಗೆ ಬರುವುದರಿಂದ ಈ ಜೋಡಿಯ ಗೊಂದಲ ಎದ್ದು ಕಾಣುವುದೂ ಸಹಜ. ಇದರಲ್ಲಿ ಸಿಕ್ಕಿಕೊಂಡ ಮಗುವಿಗೆ ಎರಡರ ನಡುವೆ ನಾಲ್ಕೈದು ವಾರ ಅಂತರ ಕೊಟ್ಟು ಕಲಿಸಿದರೆ ಸಾಕಾಗುತ್ತದೆ. ನಲಿ-ಕಲಿಯ ಐದು ಗುಂಪುಗಳು, ಪೂರ್ಣ ಶಿಕ್ಷಕ ಬೆಂಬಲದಿಂದ ಸ್ವಕಲಿಕೆಯವರೆಗೆ, ಸಮನ್ವಯ ಶಿಕ್ಷಣ ಕೇಳುವ ಏರ್ಪಾಡೇ ಆಗಿವೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಈ ಬೆಂಬಲ ಕಳಚಿ, ಎಲ್ಲರಿಗೂ ಒಂದೇ ಪಠ್ಯ, ಒಂದೇ ವೇಗ. ಮಕ್ಕಳ ತೊಡಕು ಬಯಲಾಗುವುದೂ ಅಲ್ಲೇ. ಅಭ್ಯಾಸ ಶಾಲೆಯನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ನಾಲ್ಕನೇ ತರಗತಿಯ ಜೂನ್, ಜುಲೈ ತಿಂಗಳನ್ನು ಕೇಳಿ ಪಡೆಯಿರಿ.

ಇಷ್ಟೆಲ್ಲ ಅಳೆದ ಮೇಲೂ ಶಿಕ್ಷಕರು ರೋಗನಿರ್ಣಯ ಮಾಡುವಂತಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ವೈದ್ಯರು ಮತ್ತು ಮನಶ್ಶಾಸ್ತ್ರಜ್ಞರ ತಂಡ ಬೇಕು. 2018ರ ಕೇಂದ್ರ ಮಾರ್ಗಸೂಚಿ ನಿಮ್ಹಾನ್ಸ್ ಪರೀಕ್ಷಾ ಸರಣಿಯನ್ನು ಹೆಸರಿಸಿದೆ. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು. ಆ ಮಾರ್ಗಸೂಚಿಯಲ್ಲಿ ಪ್ರಮಾಣಪತ್ರ ಕೊಡುತ್ತಿದ್ದುದು 8 ವರ್ಷ ತುಂಬಿದ ಮೇಲೆ. ಬುದ್ಧಿಮತ್ತೆಯ ಅಂಕ 85ಕ್ಕಿಂತ ಹೆಚ್ಚಿರಬೇಕಿತ್ತು. ಶಿಕ್ಷಕರ ಪಾಲಿನ ಕೆಲಸ ಅದಕ್ಕಿಂತ ಮೊದಲಿನದು: ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ, ಮಗುವಿಗೆ ಪಾಠ ಸಿಕ್ಕಿದೆಯೇ ಎಂದು ದಾಖಲೆಸಮೇತ ಹೇಳುವುದು. ಕಬ್ಬು ಕಡಿಯಲು, ಆಲೆಮನೆ ಕೆಲಸಕ್ಕೆಂದು ಬಂದ ಕುಟುಂಬದ ಮಗು ಎರಡು ವರ್ಷದಲ್ಲಿ ಮೂರು ಶಾಲೆ ಬದಲಿಸಿದ್ದರೆ, ಅದಕ್ಕೆ ಓದು ಬಾರದಿರುವುದಕ್ಕೆ ಮಿದುಳಿನಲ್ಲಿ ಕಾರಣ ಹುಡುಕುವ ಮೊದಲು ಹಾಜರಿ ಪುಸ್ತಕ ನೋಡಬೇಕು. ಮನೆಯಲ್ಲಿ ಉರ್ದುವೋ ತೆಲುಗೋ ಇದ್ದರೆ ಅದನ್ನೂ ಬರೆಯಬೇಕು. ಆರು ವಾರ ನೇಮವಾಗಿ, ದಿನಕ್ಕೆ ಇಪ್ಪತ್ತು ನಿಮಿಷ ಕಲಿಸಿ, ಮೊದಲಿನ ಮತ್ತು ನಂತರದ ಪದಪಟ್ಟಿಯ ಹಾಳೆಗಳನ್ನು ಲಗತ್ತಿಸಿ ಕಳಿಸಿದ ಮಗುವಿನ ತಪಾಸಣೆ ಬೇಗ ಮುಗಿಯುತ್ತದೆ. ‘ಓದಿನಲ್ಲಿ ಹಿಂದೆ’ ಎಂಬ ಒಂದು ಸಾಲಿನ ಚೀಟಿ ಹಿಡಿದು ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೋ ವಾಕ್ ಶ್ರವಣ ಸಂಸ್ಥೆಗೋ ಹೋದ ತಾಯಿ ಮತ್ತೆ ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರ ಬಾಯಲ್ಲಿ ಐಇಪಿ, ಕೋರ್ಸಿನ ಉದ್ದಕ್ಕೂ ಬರೆಸುತ್ತಾರೆ. ಬಹುಪಾಲು ಐಇಪಿಗಳು ಕಡತಕ್ಕಾಗಿ ಬರೆದವು. ‘ಓದುವ ಸಾಮರ್ಥ್ಯವನ್ನು ಹೆಚ್ಚಿಸುವುದು’ ಎಂಬುದು ಗುರಿಯಲ್ಲ, ಹಾರೈಕೆ. ಗುರಿ ಹೀಗಿರಬೇಕು: ಕೊಂಬು ಮತ್ತು ಕೊಂಬಿನ ಇಳಿ ಇರುವ, ಒತ್ತಿಲ್ಲದ, ಎರಡು ಮೂರು ಅಕ್ಷರದ 20 ಪದಗಳಲ್ಲಿ ಈಗ 9 ಸರಿ, ಆರು ವಾರದ ಕೊನೆಗೆ ಸುಳಿವಿಲ್ಲದೆ, ಸತತ ಮೂರು ದಿನ, 18 ಸರಿ. ಇದಕ್ಕೆ ಒಂದೇ ಮಟ್ಟದ ನಾಲ್ಕು ಪಟ್ಟಿ ಬೇಕು, ಇಲ್ಲದಿದ್ದರೆ ಮಗು ಪಟ್ಟಿಯನ್ನೇ ಬಾಯಿಪಾಠ ಮಾಡುತ್ತದೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಗುರಿ ಹಾಕಿದರೆ ಯಾವುದನ್ನೂ ಅಳೆಯಲಾಗುವುದಿಲ್ಲ. ಹಾಳೆಯ ಕೊನೆಯಲ್ಲಿ ಯಾರು, ಯಾವ ಪೀರಿಯಡ್ಡಿನಲ್ಲಿ, ಎಲ್ಲಿ ಕಲಿಸುತ್ತಾರೆ ಎಂದು ಇರಲೇಬೇಕು. ಆ ಪೀರಿಯಡ್ಡು ದೈಹಿಕ ಶಿಕ್ಷಣದ್ದೋ ಚಿತ್ರಕಲೆಯದ್ದೋ ಆಗಿದ್ದರೆ ಯೋಜನೆ ಸೋಲುತ್ತದೆ. ದಿನದಲ್ಲಿ ಆ ಮಗು ಗೆಲ್ಲುವ ಒಂದೇ ಹೊತ್ತನ್ನು ಕಸಿದುಕೊಂಡು ಓದು ಕಲಿಸಲಾಗದು. ಕನ್ನಡದ ಪೀರಿಯಡ್ಡಿನಲ್ಲೇ, ತರಗತಿಯ ಮೂಲೆಯಲ್ಲೇ, ಇನ್ನೂ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಮಾಡುವುದು ಮೇಲು. ತರಗತಿಯ ಶಿಕ್ಷಕಿಗೂ ಆಗ ವಿಧಾನ ಕಣ್ಣಿಗೆ ಬೀಳುತ್ತದೆ. ಸಂಪನ್ಮೂಲ ಕೊಠಡಿಯ ಬಾಗಿಲು ಮುಚ್ಚಿ ಕಲಿಸಿದ್ದು ಆ ಕೊಠಡಿಯಲ್ಲೇ ಉಳಿಯುತ್ತದೆ.

ಶ್ರವಣ ಸಾಧನ ಹಾಕಿದ ಮಗುವಿಗೆ ಮಾತು ಕೇಳುತ್ತಿದೆಯೇ ಎಂದು ನೋಡುವ ಆರು ಧ್ವನಿಗಳ ಪರೀಕ್ಷೆ ಶ್ರವಣ ವಿಭಾಗದಲ್ಲಿ ಓದುವವರಿಗೆ ಕೈಗೆ ಕೂತಿರುತ್ತದೆ, ಉಳಿದವರೂ ಕಲಿಯಬೇಕಾದದ್ದು ಅದು. ಮ್, ಊ, ಈ, ಆ, ಶ್, ಸ್. ಮ್ ಎಲ್ಲಕ್ಕಿಂತ ತಗ್ಗಿನ ಧ್ವನಿ, ಸ್ ಎಲ್ಲಕ್ಕಿಂತ ಎತ್ತರದ್ದು. ಮಾತಿನ ಪೂರ್ಣ ಹರವು ಈ ಆರರೊಳಗೆ ಬಂದುಬಿಡುತ್ತದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಗುವಿನ ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು, ಕ್ರಮ ಬದಲಿಸುತ್ತ, ನಡುವಿನ ಮೌನವನ್ನೂ ಏರುಪೇರು ಮಾಡುತ್ತ ಹೇಳಬೇಕು. ಒಂದೇ ಲಯದಲ್ಲಿ ಹೇಳಿದರೆ ಮಗು ಕೇಳದೆಯೇ ಲಯಕ್ಕೆ ಕೈ ಎತ್ತುತ್ತದೆ. ಆಮೇಲೆ ಮೂರು ಮೀಟರಿಗೆ ಸರಿಯಬೇಕು. ನಿನ್ನೆ ಕೇಳುತ್ತಿದ್ದ ಸ್ ಇಂದು ಕೇಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಕೊಳವೆಯಲ್ಲಿ ನೀರಿನ ಹನಿ ಅಥವಾ ಗುಗ್ಗೆ ಇದೆಯೇ ನೋಡಬೇಕು. ಶ್ರವಣ ಸಾಧನದ ಬ್ಯಾಟರಿ ಗಾಳಿಯಿಂದ ಚಾಲೂ ಆಗುವಂಥದ್ದು. ಅಂಟುಪಟ್ಟಿ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು. ಕಿತ್ತ ಕ್ಷಣದಿಂದ ಬಳಸದಿದ್ದರೂ ಅದು ಖಾಲಿಯಾಗುತ್ತಿರುತ್ತದೆ, ಪಟ್ಟಿ ಮತ್ತೆ ಅಂಟಿಸಿ ಉಳಿಸಲು ಆಗುವುದಿಲ್ಲ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಮುಗಿಯಿತು ಎಂದುಕೊಳ್ಳುವವರು ತಲೆಯ ಮೇಲಿನ ಫ್ಯಾನನ್ನು ಮರೆಯುತ್ತಾರೆ. ಶಿಕ್ಷಕರ ದನಿ ಗದ್ದಲಕ್ಕಿಂತ 15 ಡೆಸಿಬಲ್ ಮೇಲಿದ್ದರೆ ಮಾತ್ರ ಸಾಧನ ಹಾಕಿದ ಮಗುವಿಗೆ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಮಾಡಿದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ.

ದೃಷ್ಟಿಯ ವಿಷಯದಲ್ಲಿ ಒಂದೇ ಮಾತು, ಏಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಪರದೆ ಓದುವ ತಂತ್ರಾಂಶ ಓದಲಾರದು. ಅದಕ್ಕೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ ಕೊಡಬೇಕು, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಶಾಲೆಯ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಒಂದು ಸಲ ಹೀಗೆ ಬದಲಿಸಿಟ್ಟರೆ ಅಂಧ ಮಗುವಿಗೆ ವರ್ಷವಿಡೀ ಇನ್ನೊಬ್ಬರ ದಾರಿ ಕಾಯುವುದು ತಪ್ಪುತ್ತದೆ.

ಪ್ರಬಂಧದ ಮಾತು ಬಂದಾಗ ಸ್ವಲ್ಪ ಕಠಿಣವಾಗಿಯೇ ಹೇಳಬೇಕು. ಸಮನ್ವಯ ಶಿಕ್ಷಣದ ಬಗ್ಗೆ ಶಿಕ್ಷಕರ ಮನೋಭಾವ ಎಂಬ ವಿಷಯವನ್ನು ದಯವಿಟ್ಟು ಇನ್ನು ಬಿಡಿ. ನೂರು ಜನಕ್ಕೆ ಪ್ರಶ್ನಾವಳಿ ಹಂಚಿ, ಪುರುಷ ಮಹಿಳೆ, ನಗರ ಗ್ರಾಮ ಎಂದು ಹೋಲಿಸಿ ಮುಗಿಸಿದ ಪ್ರಬಂಧಗಳು ಗ್ರಂಥಾಲಯದ ಕಪಾಟಿನಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ಮೂರೇ ಮಕ್ಕಳ ಮೇಲೆ ಒಂದು ಕಲಿಸುವ ವಿಧಾನವನ್ನು ಪರೀಕ್ಷಿಸಿ. ಮೊದಲು ಏನನ್ನೂ ಬದಲಿಸದೆ ಐದು ದಿನದ ಅಳತೆ ತೆಗೆದುಕೊಳ್ಳಿ. ಮೊದಲ ಮಗುವಿಗೆ ವಿಧಾನ ಶುರು ಮಾಡಿ, ಉಳಿದಿಬ್ಬರ ಅಳತೆ ಮುಂದುವರಿಸಿ. ಒಂದೆರಡು ವಾರ ಬಿಟ್ಟು ಎರಡನೆಯ ಮಗು, ಮತ್ತೆ ಅಷ್ಟೇ ಬಿಟ್ಟು ಮೂರನೆಯದು. ಪ್ರತಿ ಮಗುವಿನ ಗೆರೆ ತನ್ನ ಸರದಿ ಬಂದಾಗಲೇ ಏರಿದರೆ ಅದು ವಿಧಾನದ ಫಲ, ಮೂರೂ ಒಟ್ಟಿಗೆ ಏರಿದರೆ ಬೇರೇನೋ ನಡೆದಿದೆ. ಗ್ರಾಫ್ ಹಾಳೆ, ಪೆನ್ಸಿಲು ಸಾಕು.

ಇಂಥ ಅಧ್ಯಯನ ಹಾಳಾಗುವುದು ಸಂಖ್ಯಾಶಾಸ್ತ್ರದಿಂದಲ್ಲ, ಕ್ಯಾಲೆಂಡರಿನಿಂದ. ನಮ್ಮಲ್ಲಿ ದಸರಾ ರಜೆ ಉದ್ದ. ಫೆಬ್ರವರಿಯಿಂದ ಪ್ರೌಢಶಾಲೆಗಳೆಲ್ಲ ಎಸ್‌ಎಸ್‌ಎಲ್‌ಸಿ ಗುಂಗಿನಲ್ಲಿರುತ್ತವೆ, ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ. ಉಳಿಯುವುದು ಜೂನ್‌ನಿಂದ ಸೆಪ್ಟೆಂಬರ್, ನವೆಂಬರ್‌ನಿಂದ ಜನವರಿ. ಉಪನಿರ್ದೇಶಕರ ಕಚೇರಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಮುಖ್ಯಶಿಕ್ಷಕರಿಗೆ ಅನುಮತಿ ಇಳಿದು ಬರಲು ಹಿಡಿಯುವ ಸಮಯವನ್ನೂ ಸೇರಿಸಿಕೊಂಡು ಮೇ ತಿಂಗಳಲ್ಲೇ ಅರ್ಜಿ ಕೊಡಬೇಕು. ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಬೇಕು. ಬೇಡವೆಂದರೆ ಮಗುವಿನ ಪಾಠಕ್ಕೆ ಏನೂ ತೊಂದರೆಯಿಲ್ಲ ಎಂಬ ಸಾಲು ಅದರಲ್ಲಿರಲೇಬೇಕು. ಒಪ್ಪಿಗೆ ತೆಗೆದುಕೊಳ್ಳಲು ಮುಖ್ಯಶಿಕ್ಷಕರ ಕೊಠಡಿಗೆ ಕರೆಸಬೇಡಿ, ಅಲ್ಲಿ ಬೇಡ ಎನ್ನುವ ತಂದೆತಾಯಿ ಇಲ್ಲ.

ಕೊನೆಗೆ ಪರೀಕ್ಷಾ ರಿಯಾಯಿತಿ. ಇದು ಯಾವ ಕೋರ್ಸಿನಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಪಡೆಯುವುದಿಲ್ಲ, ಶಾಲೆಯಲ್ಲಿ ಎಲ್ಲರೂ ನಿಮ್ಮನ್ನು ಮೊದಲು ಕೇಳುವುದು ಅದನ್ನೇ. ಲಿಖಿತ ಪರೀಕ್ಷೆಗಳ ಕುರಿತ 2018ರ ಇನ್ನೊಂದು ಕೇಂದ್ರ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಎಂದರೆ ಮೂರು ಗಂಟೆಗೆ ಒಂದು ಗಂಟೆ. ಉತ್ತರ ಬರೆದುಕೊಡುವ ಬರಹಗಾರರನ್ನು ವಿದ್ಯಾರ್ಥಿಯೇ ಕರೆತಂದರೆ ಅವರ ವಿದ್ಯಾರ್ಹತೆ ವಿದ್ಯಾರ್ಥಿಯದಕ್ಕಿಂತ ಒಂದು ಹಂತ ಕೆಳಗಿನದಾಗಿರಬೇಕೆಂದು ಆ ಮಾರ್ಗಸೂಚಿಯಲ್ಲಿತ್ತು. ಹತ್ತನೇ ತರಗತಿಯ ಜನವರಿಯಲ್ಲಿ ಪ್ರಮಾಣಪತ್ರಕ್ಕೆ ಓಡುವುದು ನಮ್ಮ ವಾಡಿಕೆ, ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮರುಪರಿಶೀಲಿಸಬೇಕೆಂಬ ನಿಯಮ ಆಗ ನೆನಪಾಗುತ್ತದೆ. ಯಾವಾಗ ಹೊಸದು ಮಾಡಿಸಬೇಕೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಇನ್ನೊಂದು ಕೆಲಸವೂ ಅಷ್ಟೇ ಮುಖ್ಯ. ಉತ್ತರವನ್ನು ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವುದು ತಾನಾಗಿ ಬರುವ ವಿದ್ಯೆಯಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಮತ್ತೆ ಓದಿಸಿ ಕೇಳಬೇಕು, ಗಣಿತದ ಹಂತಗಳನ್ನು ಹೇಗೆ ಹೇಳಬೇಕು ಎಂದು ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಲ್ಲೇ ಅಭ್ಯಾಸ ಮಾಡಿಸಬೇಕು. ಮೊದಲ ಎರಡು ಕಿರುಪರೀಕ್ಷೆಗಳಲ್ಲಿ ಅಂಕ ಕಡಿಮೆಯೇ ಬರುತ್ತದೆ. ಬರಹಗಾರರು ಬೇಡ ಎಂದು ಮಗುವೂ ಮನೆಯವರೂ ಹೇಳುವುದು ಸಾಮಾನ್ಯವಾಗಿ ಆಗಲೇ. ಮೂರನೆಯದರವರೆಗೆ ತಡೆದು ನೋಡಿ ಎಂದು ಅವರಿಗೆ ಮೊದಲೇ ಹೇಳಿಟ್ಟಿರಬೇಕು.